ಪಕ್ಕವಿಲ್ಲದ ಭುಜಂಗ

ಭುಜಂಗನ ಸೋದರತ್ತೆ ಚೆನ್ನಾಜಮ್ಮ ಹೂವು ಹಣ್ಣು ಹಿಡಿದುಕೊಂಡು ನಮ್ಮ ಮನೆಗೆ ಬಂದು, "ನಿಮ್ಮ ಸರ್ವಮಂಗಳನ್ನ ನಮ್ಮ ಹುಡುಗ ಕೇಳ್ತಾವ್ನೆ" ಅಂದಾಗ ನಮ್ಮವ್ವನ ಕೈಯಲ್ಲಿದ್ದ ಸೌಟು ಸಾರಿನೊಳಗೆ ಮುಳುಗಿಹೋಯಿತು. ಅದನ್ನು ಎತ್ತಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ನಾನು ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತ, ಬೀಜಗಳನ್ನು ಅಂಗಳದಾಚೆ ಗೋಡೆಯ ಬುಡದಲ್ಲಿದ್ದ ಡಬ್ಬಕ್ಕೆ ಒಂದೊಂದಾಗಿ ಎಸೆಯುತ್ತಿದ್ದೆ. ಎಸೆಯುವ ಕೈ ಹಾಗೇ ಗಾಳಿಯಲ್ಲಿ ನಿಂತಿತು.

ಗಾಬರಿಗೆ ಕಾರಣವಿತ್ತು. ಭುಜಂಗ ಎಂದರೆ ನಮ್ಮೂರಿನ ಬಾಸ್ಕೆಟ್‌ಬಾಲ್ ದೊರೆ. ಕ್ಷೌರದಂಗಡಿಯಲ್ಲಿ ಭುಜಂಗ ಕಟಿಂಗು, ಬೇಕರಿಯಲ್ಲಿ ಭುಜಂಗ ಬನ್ನು, ಮೂರು ಮನೆಯ ತೊಟ್ಟಿಲಲ್ಲಿ ಮೂರು ಪುಟ್ಟ ಭುಜಂಗರು. ಅವನಿಗೆ ಊರು ಕೊಟ್ಟಿರುವ ಹೆಸರು ಅತಿಯಾಯಿತು ಎಂದು ಬಾಯಿಬಿಟ್ಟು ಹೇಳುತ್ತಿದ್ದವಳು ನಾನೊಬ್ಬಳೇ. ಹೊರಗಿನವಳೇನಲ್ಲ ನಾನು. ಹನ್ನೊಂದು ವರ್ಷದಿಂದ ಅವನ ಪ್ರತಿ ಆಟಕ್ಕೂ ಅಂಕ ಬರೆಯುತ್ತಿದ್ದವಳು. ಹಾಗೆಂದು ಹೇಳಿದಾಗಲೆಲ್ಲ ಜನ ನಗುತ್ತಿದ್ದರು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎನ್ನುತ್ತಿದ್ದರು. ಶಾಲೆಯಲ್ಲಿ ತಂಡಕ್ಕೆ ಆರಿಸಿದ ದಿನ ನಾನು ಎಸೆದ ಹತ್ತೂ ಚೆಂಡು ಹೊರಗೆ ಬಿದ್ದದ್ದನ್ನು ಯಾರೂ ಮರೆತಿರಲಿಲ್ಲ. ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದ ಭುಜಂಗನ ಹತ್ತೂ ಒಳಗೆ ಬಿದ್ದವು. ಮೇಷ್ಟ್ರು ಅವನಿಗೆ ಬನಿಯನ್ನು, ನನಗೆ ಪೆನ್ಸಿಲು ಕೊಟ್ಟರು.

ನಮ್ಮೂರಿನ ರೀತಿ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮಲ್ಲಿ ಕೈಗುಣ ಪಕ್ಕದವರಿಗೆ ಹರಿಯುತ್ತದೆ. ನೀರು ತಗ್ಗಿಗೆ ಹರಿದ ಹಾಗೆ, ಇದ್ದವರಿಂದ ಇಲ್ಲದವರಿಗೆ, ಐದು ಮಾರಿನೊಳಗೆ. ಕೊಟ್ಟವರ ಕೈ ಆ ಹೊತ್ತಿಗೆ ಬರಿದಾಗಿ ತಣ್ಣಗಾಗುತ್ತದೆ, ದೂರ ಹೋದರೆ ಮತ್ತೆ ತುಂಬಿಕೊಳ್ಳುತ್ತದೆ. ಅದಕ್ಕೇ ಇಲ್ಲಿ ಒಂದು ಬೀದಿಗೆ ಒಬ್ಬನೇ ದರ್ಜಿ. ಮದುವೆ ಮನೆಯಲ್ಲಿ ಒಬ್ಬಟ್ಟಿನ ಒಲೆ ಒಂದು ಮೂಲೆಗಾದರೆ ಚಿತ್ರಾನ್ನದ ಒಲೆ ಇನ್ನೊಂದು ಮೂಲೆಗೆ. ಪರೀಕ್ಷೆ ಬರೆಸುವುದು ಬಯಲಿನಲ್ಲಿ. ಯಾರನ್ನಾದರೂ ಹೊಗಳಿದರೆ ಹೊಗಳಿಸಿಕೊಂಡವರು ಅಲ್ಲೇ ಪಕ್ಕ ಹೇಳಬೇಕು. "ರಂಗೋಲಿ ಚೆನ್ನಾಗದೆ" ಅಂದರೆ "ಪಕ್ಕದಲ್ಲಿ ಪುಟ್ಟಲಿಂಗಮ್ಮ ಇದ್ರು" ಅನ್ನಬೇಕು. ಪಕ್ಕ ಹೇಳದೆ ಹೊಗಳಿಸಿಕೊಂಡವನು ನಮ್ಮಲ್ಲಿ ಕಳ್ಳನಿಗಿಂತ ಕಡೆ.

ಬಾಸ್ಕೆಟ್‌ಬಾಲನ್ನೂ ಹಾಗೆಯೇ ಆಡುತ್ತೇವೆ. ಬುಟ್ಟಿಯ ಹತ್ತಿರ ಚೆಂಡು ಹಿಡಿದವನ ಬಳಿಗೆ ಯಾರೂ ಸುಳಿಯುವುದಿಲ್ಲ, ಎದುರಾಳಿಗಳಂತೂ ಬೆಂಕಿ ಕಂಡವರಂತೆ ಓಡುತ್ತಾರೆ. ಅಡ್ಡಗಟ್ಟಲು ಹೋಗಿ ನಮ್ಮ ಕೈಗುಣವನ್ನೇ ಅವನಿಗೆ ಧಾರೆ ಎರೆದರೆ? ಚೆಂಡು ಬುಟ್ಟಿಗೆ ಬಿದ್ದೊಡನೆ ರೆಫರಿ ಹಯಾತ್ ಸಾಬರು ಐದು ಮಾರಿನ ಹಗ್ಗ ಹಿಡಿದು ಸುತ್ತ ಅಳೆಯುತ್ತಾರೆ. ಒಳಗೆ ಯಾವ ಆಟಗಾರನಿದ್ದರೂ ಅವನ ಹೆಸರಿಗೆ ಅರ್ಧ ಅಂಕ. ಹನ್ನೊಂದು ವರ್ಷದಲ್ಲಿ ಭುಜಂಗನ ಹಗ್ಗದೊಳಗೆ ಒಬ್ಬ ಆಟಗಾರನೂ ಸಿಕ್ಕಿರಲಿಲ್ಲ. "ಪಕ್ಕ ಯಾರಪ್ಪ?" ಎಂದು ಸಾಬರು ಕೇಳುವುದು, "ಯಾರೂ ಇರಲಿಲ್ಲ" ಎಂದು ಅವನು ತಲೆ ತಗ್ಗಿಸಿ ಹೇಳುವುದು, ಜನ ಎದ್ದು ಕುಣಿಯುವುದು. ಪಕ್ಕವಿಲ್ಲದ ಭುಜಂಗ! ಊರಿಗೆ ಊರೇ ಪಕ್ಕ ಹೇಳಿಕೊಂಡು ತಲೆ ತಗ್ಗಿಸಿ ಬದುಕುವಲ್ಲಿ, ತನ್ನದೇ ಕೈಯಿಂದ ತಾನೇ ಗೆದ್ದವನೊಬ್ಬ ಇದ್ದಾನೆ ಎಂಬುದು ಜನರಿಗೆ ಎಷ್ಟು ದೊಡ್ಡ ಸಮಾಧಾನವಾಗಿತ್ತು ಎಂದು ನನಗೆ ಈಗ ಅರ್ಥವಾಗುತ್ತದೆ.

ನನ್ನ ತಕರಾರು ಬೇರೆ. ನಮ್ಮ ಮೈದಾನದಲ್ಲಿ ಎರಡು ಬುಟ್ಟಿ. ಒಂದು ಹುಣಸೆಮರದ ಕಡೆ, ಇನ್ನೊಂದು ಗೋಡೆಯ ಕಡೆ. ಮೊದಲರ್ಧ ನಮ್ಮ ತಂಡಕ್ಕೆ ಮರದ ಕಡೆಯದು, ಅರ್ಧ ಆಟ ಮುಗಿದ ಮೇಲೆ ತಂಡಗಳು ಬುಟ್ಟಿ ಬದಲಿಸುತ್ತವೆ. ಮರದ ಕಡೆ ಭುಜಂಗ ಹತ್ತಕ್ಕೆ ಒಂಬತ್ತು ಹಾಕುತ್ತಿದ್ದ. ಗೋಡೆಯ ಕಡೆ ಎಸೆಯುತ್ತಲೇ ಇರಲಿಲ್ಲ, ಚೆಂಡನ್ನು ಜೊತೆಯವರಿಗೆ ದಾಟಿಸುತ್ತಿದ್ದ. "ಏನು ದೊಡ್ಡ ಮನಸ್ಸು! ಹುಡುಗ್ರಿಗೂ ಅವಕಾಶ ಕೊಡ್ತಾನೆ" ಎಂದು ಜನ ಹನಿಗಣ್ಣಾಗುತ್ತಿದ್ದರು. ದೊಡ್ಡ ಮನಸ್ಸು ಮಧ್ಯಂತರವಾದ ಮೇಲೆಯೇ ಯಾಕೆ ಬರಬೇಕು ಎಂದು ನಾನು ಕೇಳುತ್ತಿದ್ದೆ. ಕಣ್ಣಿಗೆ ಬಿಸಿಲು ಹೊಡೆಯುತ್ತದೆ, ಸೋಮಾರಿ, ತಪ್ಪುವ ಭಯ ಎಂದೆಲ್ಲ ಹೇಳುತ್ತಿದ್ದೆ. ಅವನ ಓಟ ಚೆನ್ನಾಗಿತ್ತು, ಅದನ್ನು ನಾನು ಎಂದೂ ಅಲ್ಲಗಳೆದಿಲ್ಲ. ಆದರೆ ಓಟಕ್ಕೆ ಇಷ್ಟು ಬನ್ನು ಹೆಚ್ಚಾಯಿತು.

ಅಂಥವನು ನನ್ನನ್ನು ಕೇಳಿಸಿದ್ದ. ಚೆನ್ನಾಜಮ್ಮ ಚಾಪೆಯ ಮೇಲೆ ಕೂತು ಒಂದೊಂದೇ ಬಿಚ್ಚಿದರು. ಭುಜಂಗನಿಗೆ ಹೊಳೆಯಾಚೆಯ ದೊಡ್ಡ ಊರಿನ ತಂಡದಿಂದ ಕರೆ ಬಂದಿದೆ. ಅಲ್ಲಿಯ ಜನರೂ ನಮ್ಮಂಥವರೇ, ಅವರಲ್ಲೂ ಹಗ್ಗದ ಅಳತೆ. ವರದಕ್ಷಿಣೆ ಬೇಡ, ಒಡವೆ ಬೇಡ. "ಒಂದೇ ಮಾತು. ಮದ್ವೆ ಆದ್ಮೇಲೂ ನಿಮ್ಮ ಹುಡುಗಿ ಅಂಕ ಬರೆಯೋ ಮೇಜು ಬಿಡಬಾರ್ದಂತೆ. ಅವ್ನು ಎಲ್ಲಾಡ್ತಾನೋ ಅಲ್ಲಿ ಇವ್ಳು ಬರೀಬೇಕು. ಹೆಂಡ್ತಿ ಕಣ್ಮುಂದೆ ಇರ್ಬೇಕು ಅಂತ ಆಸೆ, ಪಾಪ."

ಅವ್ವ ಕಣ್ಣೊರೆಸಿಕೊಂಡಳು. ನನಗೆ ಇಪ್ಪತ್ತೆಂಟಾಗಿತ್ತು, ಬಾಯಿ ಜೋರು ಎಂದು ಎರಡು ಸಂಬಂಧ ತಪ್ಪಿದ್ದವು. "ಅವನ್ನ ಇಷ್ಟ್ ವರ್ಷ ಬೈದ್ಯಲ್ಲೇ, ಅವ್ನು ಮನ್ಸಲ್ಲಿ ಇಟ್ಕೊಂಡೇ ಇಲ್ಲ ನೋಡು. ಇನ್ನಾದ್ರೂ ಬಾಯ್ ಮುಚ್ಕೊಂಡಿರು" ಅಂದಳು. ನಾನು ಬಾಯಿ ಮುಚ್ಚಿಕೊಂಡೆ. ಒಳಗೊಳಗೆ ಹಿಗ್ಗಿದೆನೆಂದೂ ಒಪ್ಪಿಕೊಳ್ಳುತ್ತೇನೆ. ಕನ್ನಡಿಯ ಮುಂದೆ ಎರಡು ಸಲ ನಿಂತೆ. ಭಾನುವಾರ ಮೈದಾನದಲ್ಲಿ ಭುಜಂಗನ ಹೆಸರಿನ ಕಲ್ಲು ನಿಲ್ಲಿಸುವುದಿತ್ತು, ಅದರ ಮುಂದೆಯೇ ತಾಂಬೂಲ ಬದಲಿಸುವುದೆಂದು ಮಾತಾಯಿತು.

ಕಲ್ಲಿನ ಮೇಲೆ ಕೆತ್ತಿಸಲು ಅವನ ಒಟ್ಟು ಅಂಕ ಬೇಕೆಂದು ಸಂಘದ ಅಧ್ಯಕ್ಷ ವೀರಭದ್ರಯ್ಯನವರು ಹೇಳಿಕಳಿಸಿದರು. ಶುಕ್ರವಾರ ಮಧ್ಯಾಹ್ನ ಹನ್ನೊಂದು ವರ್ಷದ ಪುಸ್ತಕಗಳನ್ನು ಹರಡಿಕೊಂಡು ಕೂತೆ. ಕೂಡುತ್ತಾ ಹೋದವಳಿಗೆ ಮೂರನೇ ವರ್ಷದ ಒಂದು ಹಾಳೆ ಕಣ್ಣಿಗೆ ಬಿತ್ತು. ಅಕ್ಷರ ನನ್ನದಲ್ಲ. ಆಗ ನನಗೆ ವಿಷಮಶೀತ ಜ್ವರ, ಬೇರೆ ಯಾರೋ ಬರೆದಿದ್ದರು. ಅವತ್ತು ಭುಜಂಗ ಆಡಿರಲಿಲ್ಲ. ಪಕ್ಕದಲ್ಲಿ "ಮಂಡಿನೋವು" ಎಂದಿತ್ತು. ಇರಲಿ ಎಂದು ಮುಂದೆ ಹೋದೆ. ಆರನೇ ವರ್ಷ ಚಿಕ್ಕಮ್ಮನ ತಿಥಿಗೆ ಹೋಗಿದ್ದೆ. ಅಂದಿನ ಹಾಳೆಯಲ್ಲೂ ಮಂಡಿನೋವು. ಒಂಬತ್ತನೇ ವರ್ಷ ಹಲ್ಲು ಕೀಳಿಸಿಕೊಂಡು ಮನೆಯಲ್ಲಿದ್ದೆ. ಮಂಡಿನೋವು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಕೇಳಿದ್ದೆ. ನನ್ನ ಹಲ್ಲು ಕಿತ್ತರೆ ಭುಜಂಗನ ಮಂಡಿ ನೋಯುವುದನ್ನು ಅಂದೇ ಕಂಡದ್ದು.

ನನ್ನ ಮೇಜು ಎಲ್ಲಿರುತ್ತದೆ ಎಂದು ಆಮೇಲೆ ಯೋಚಿಸಿದೆ. ಹುಣಸೆಮರದ ನೆರಳಲ್ಲಿ, ಬುಟ್ಟಿಯಿಂದ ನಾಲ್ಕು ಮಾರು ದೂರದಲ್ಲಿ. ಹಯಾತ್ ಸಾಬರ ಹಗ್ಗ ನನ್ನ ಕುರ್ಚಿಯ ಕಾಲನ್ನು ಎಷ್ಟೋ ಸಲ ಸವರಿಕೊಂಡು ಹೋಗಿದೆ. ಅವರು ಹುಡುಕುತ್ತಿದ್ದದ್ದು ಆಟಗಾರರನ್ನು. ಅಂಕ ಬರೆಯುವವಳು ಅವರಿಗೆ ಮೇಜಿನ ಜೊತೆ ಬಂದ ಸಾಮಾನು. ನನಗೂ ಹಾಗೆಯೇ ಅನ್ನಿಸಿತ್ತಲ್ಲ! ಆಟದ ದಿನ ನನ್ನ ಕೈ ಹೆಪ್ಪುಗಟ್ಟಿದ ಹಾಗೆ ತಣ್ಣಗಾಗುತ್ತಿತ್ತು. ಅವ್ವ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಕಾಯುತ್ತಿದ್ದಳು. ಕಬ್ಬಿಣದ ಮೇಜು, ಮರದ ಕೆಳಗಿನ ಗಾಳಿ ಎಂದುಕೊಂಡಿದ್ದೆವು. ಕೊಟ್ಟವರ ಕೈ ತಣ್ಣಗಾಗುತ್ತದೆಂದು ಮಗುವಿಗೂ ಗೊತ್ತು. ಆದರೆ ಕೊಡಲು ನನ್ನಲ್ಲಿ ಏನಾದರೂ ಇದ್ದೀತು ಎಂದು ಯಾರು ನೆನೆಯಬೇಕು?

ಎದ್ದು ಅಂಗಳಕ್ಕೆ ಬಂದೆ. ಗೋಡೆಯ ಬುಡದಲ್ಲಿ ಡಬ್ಬವಿತ್ತು. ಅದರ ಸುತ್ತ ನೆಲ ಗುಡಿಸಿದ ಹಾಗೆ ಸ್ವಚ್ಛ. ಒಂದೇ ಒಂದು ಹುಣಸೆಬೀಜ ಹೊರಗೆ ಬಿದ್ದಿರಲಿಲ್ಲ. ಎಷ್ಟು ವರ್ಷದಿಂದ ಹೀಗೆ ಎಸೆಯುತ್ತಿದ್ದೇನೆ ನಾನು? ಒದ್ದೆ ಬಟ್ಟೆಯನ್ನು ತಂತಿಗೆ, ಬೀಗದ ಕೈಯನ್ನು ಗೂಟಕ್ಕೆ, ತರಕಾರಿ ಸಿಪ್ಪೆಯನ್ನು ಎಮ್ಮೆಯ ಬಾನಿಗೆ. "ಎಸೀಬೇಡ್ವೇ, ಹೋಗಿ ಇಟ್ಟು ಬಾ" ಎಂದು ಅವ್ವ ಬೈಯುತ್ತಿದ್ದಳೇ ಹೊರತು ಒಂದು ದಿನವೂ ತಪ್ಪಿತಲ್ಲ ಎಂದು ಬೈದದ್ದಿಲ್ಲ. ಅಂಗಳದಲ್ಲೇ ಕೂತುಬಿಟ್ಟೆ.

ಶನಿವಾರ ಭುಜಂಗನೇ ಎದುರು ಸಿಕ್ಕ. ಬೇಕರಿಯ ಮುಂದೆ ಅವನನ್ನು ತಡೆದು ಕೇಳಿದೆ, "ಮಂಡಿ ಹೆಂಗಿದೆ?" ಅವನ ಮುಖದ ಬಣ್ಣ ಹೋಯಿತು. ಬನ್ನಿನ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ಅಕ್ಕಪಕ್ಕ ನೋಡಿದ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ.

"ಯಾವಾಗ್ನಿಂದ ಗೊತ್ತು ನಿಂಗೆ?" ಅಂದೆ.

"ನಿಂಗೆ ಜ್ವರ ಬಂತಲ್ಲ, ಅವತ್ತು ಬೆಳಗ್ಗೆ ಸುಮ್ನೆ ಎಸೆದು ನೋಡ್ದೆ. ಒಂದೂ ಬೀಳ್ಲಿಲ್ಲ. ಅವತ್ನಿಂದ." ಅವನು ತಗ್ಗಿದ ದನಿಯಲ್ಲಿ ಹೇಳಿದ. "ಮಂಗಳಾ, ನಂಗೆ ಬೇರೆ ಏನೂ ಬರಲ್ಲ. ಊರೆಲ್ಲ ತಲೆ ಮೇಲೆ ಹೊತ್ಕೊಂಡವ್ರೆ. ನಾನು ಹೆಂಗೆ ಇಳೀಲಿ? ನಿನ್ನ ಚೆನ್ನಾಗಿ ನೋಡ್ಕೋತೀನಿ. ಒಂದ್ ಮಾತೂ ಅನ್ನಲ್ಲ."

ಚೆನ್ನಾಗಿ ನೋಡಿಕೊಳ್ಳುತ್ತಾನಂತೆ. ಬಾವಿಯನ್ನು ನೋಡಿಕೊಂಡ ಹಾಗೆ! ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದು ಒಂದೂ ಹೊರಬೀಳಲಿಲ್ಲ. ಎಂಟು ವರ್ಷದಿಂದ ಗೊತ್ತಿದ್ದವನು ಇವನು. ಎಂಟು ವರ್ಷ ನನ್ನ ಕೈ ಕಾಯಿಸುತ್ತ ಕೂತಿದ್ದವಳು ನಮ್ಮವ್ವ. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು. "ಬಂದ ಸಂಬಂಧ ತಪ್ಪಿಸ್ಕೋಬೇಕು ಅಂತ ಏನೇನ್ ಕಟ್ತೀಯೇ? ಹತ್ತಕ್ಕೆ ಹತ್ತೂ ತಪ್ಪಿದೋಳು ನೀನು. ನಾನೇ ನೋಡಿವ್ನಿ" ಅಂದಳು.

ಭಾನುವಾರ ಊರೆಲ್ಲ ಮೈದಾನದಲ್ಲಿತ್ತು. ಕಲ್ಲಿಗೆ ಕೆಂಪು ಬಟ್ಟೆ ಹೊದಿಸಿದ್ದರು. ಅದನ್ನು ಸರಿಸುವ ಮೊದಲು ಭುಜಂಗ ಹತ್ತು ಚೆಂಡು ಎಸೆಯಬೇಕು, ಅದು ಶಾಸ್ತ್ರ. ಎಸೆಯುವುದು ಯಾವ ಬುಟ್ಟಿಗೆ ಎಂದು ಯಾರೂ ಕೇಳಲಿಲ್ಲ, ಹುಣಸೆಮರದ ಕಡೆಯದಕ್ಕೇ. ಅವನು ನನ್ನ ಕಡೆ ನೋಡಿದ. ಆ ನೋಟದಲ್ಲಿ ಬೇಡಿಕೆಯಿತ್ತು, ಒಂದು ಗಳಿಗೆ ನನಗೆ ಕನಿಕರವೂ ಆಯಿತು. ನಾನು ಪೆನ್ಸಿಲು ಹಿಡಿದು ಮೇಜಿನ ಹಿಂದೆ ಕೂತಿದ್ದೆ. ಮೊದಲನೆಯದು ಬಲೆಯ ಸರಪಣಿಯನ್ನು ಝಲ್ ಎನ್ನಿಸಿತು. ಎರಡನೆಯದು, ಮೂರನೆಯದು, ಝಲ್, ಝಲ್. ಜನ ಕೂಗಿದರು. ನನ್ನ ಬೆರಳು ಮರಗಟ್ಟುತ್ತಾ ಬಂತು. ಪೆನ್ಸಿಲು ಕೆಳಗಿಟ್ಟು, ಕುರ್ಚಿ ಹಿಂದೆ ತಳ್ಳಿ, ಗೇಟಿನವರೆಗೆ ನಡೆದುಹೋದೆ.

ನಾಲ್ಕನೆಯದು ಕಬ್ಬಿಣದ ಬಳೆಗೆ ತಾಗಿ ಹೊರಗೆ ಹಾರಿತು. ಭುಜಂಗ ಬುಟ್ಟಿಯನ್ನು ನೋಡಲಿಲ್ಲ, ನನ್ನ ಖಾಲಿ ಕುರ್ಚಿಯನ್ನು ನೋಡಿದ. ಐದನೆಯದು ಹಲಗೆಗೂ ತಾಗಲಿಲ್ಲ. ಆರು, ಏಳು, ಎಂಟು. ಕಡಲೆಕಾಯಿ ಸುಲಿಯುತ್ತಿದ್ದವರ ಕೈ ಬಾಯಿಯ ಹತ್ತಿರವೇ ನಿಂತಿತ್ತು. ಒಂಬತ್ತು, ಹತ್ತು. ಕಡೆಯ ಚೆಂಡು ಉರುಳುತ್ತಾ ಉರುಳುತ್ತಾ ಗೇಟಿನ ಬಳಿ ನನ್ನ ಕಾಲಿಗೆ ಬಂದು ನಿಂತಿತು. ಭುಜಂಗ ಅದರ ಹಿಂದೆಯೇ ಓಡಿಬರುತ್ತಿದ್ದ. "ಹೋಗಿ ಕೂತ್ಕೋ ಮಂಗಳಾ, ಕೈ ಮುಗೀತೀನಿ" ಎಂದು ಹತ್ತು ಮಾರು ದೂರದಿಂದಲೇ ಕರೆದ. ನಾನು ಚೆಂಡು ಎತ್ತಿಕೊಂಡೆ. ಹದಿನಾಲ್ಕು ವರ್ಷವಾಗಿತ್ತು ಚೆಂಡು ಮುಟ್ಟಿ. ಅಷ್ಟು ದೂರದಿಂದ ಯಾರೂ ಎಸೆಯುವುದಿಲ್ಲ. ಸಿಟ್ಟಿನಲ್ಲಿ ಎಸೆದೆ. ಚೆಂಡು ಮೈದಾನ ದಾಟಿ ಹೋಗಿ ಝಲ್ ಎಂದು ಬಿತ್ತು.

ಈಗ ಗೊತ್ತಾಯಿತು ಇವರಿಗೆ ಎಂದುಕೊಂಡೆ. ಎಂಥ ಹುಚ್ಚಿ ನಾನು! ಹಯಾತ್ ಸಾಬರು ರೂಢಿಯಂತೆ ಹಗ್ಗ ಹಿಡಿದು ಬಂದು ಅಳೆದರು. ಅಷ್ಟರಲ್ಲಿ ಭುಜಂಗ ನನ್ನಿಂದ ಒಂದು ಮಾರು ದೂರಕ್ಕೆ ಬಂದುಬಿಟ್ಟಿದ್ದ. "ಭುಜಂಗನ ಪಕ್ಕ!" ಎಂದು ಯಾರೋ ಕೂಗಿದರು. ವೀರಭದ್ರಯ್ಯನವರು ಮೈಕು ಹಿಡಿದುಕೊಂಡು, "ನೋಡ್ರಪ್ಪ, ಇದು ದೊಡ್ಡ ಮನಸ್ಸು! ಹೆಂಡ್ತಿ ಆಗೋಳಿಗೆ ಕೈಗುಣ ಧಾರೆ ಎರ್ದು ಬರಿಗೈ ಆಗಿ ನಿಂತವ್ನೆ! ಅದಕ್ಕೇ ಅವ್ನಿಗೆ ತಪ್ಪಿದ್ದು, ಅದಕ್ಕೇ ಇವ್ಳಿಗೆ ಬಿದ್ದಿದ್ದು!" ಎಂದರು. ಜನ ಹುಯಿಲೆಬ್ಬಿಸಿದರು. ಹಾರ ತಂದು ಭುಜಂಗನ ಕೊರಳಿಗೆ ಹಾಕಿದರು. ನಾನು ಎಸೆದ ಚೆಂಡಿಗೆ! ಇನ್ನೂ ಹೇಳುವುದಾದರೆ, ಹುಟ್ಟಿದಾಗಿನಿಂದ ಈ ಊರಿನ ಗಾಳಿ ಕುಡಿದವಳಲ್ಲವೇ, ನನಗೇ ಅನುಮಾನ ಬಂತು. ಹರಿದದ್ದು ಯಾವ ಕಡೆಯಿಂದ ಯಾವ ಕಡೆಗೆ? ಅವರು ಹೇಳುವುದೇ ನಿಜವಾಗಿದ್ದರೆ?

ಹಯಾತ್ ಸಾಬರು ಮಾತ್ರ ಕೂಗಲಿಲ್ಲ. ಹಗ್ಗ ಸುತ್ತಿಕೊಳ್ಳುತ್ತಾ ನನ್ನ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದರು. ಅವರ ಹತ್ತಿರ ಹೋಗಿ, "ಸಾಬರೇ, ಎಲ್ಲಾರ್ನೂ ಆಚೆ ಕಳಿಸಿ. ನೀವೂ ಹೋಗಿ. ನಾನೊಬ್ಳೇ ಎಸೀಬೇಕು" ಅಂದೆ.

"ಯಾರೂ ನೋಡ್ದಿದ್ರೆ ಬಿತ್ತು ಅಂತ ಹೆಂಗವ್ವ ಗೊತ್ತಾಗೋದು?" ಅಂದರು.

"ಸರಪಣಿ ಬಲೆ ಅಲ್ವಾ? ಕೇಳಿಸ್ಕೊಳ್ಳಿ."

ಅವರು ಹಗ್ಗವನ್ನು ಹೆಗಲಿಗೆ ಹಾಕಿಕೊಂಡರು. ಆಮೇಲೆ ಸೀಟಿ ಊದಿದರು. ನಮ್ಮೂರಲ್ಲಿ ಸಾಬರ ಸೀಟಿಗೆ ಎದುರಾಡುವ ವಾಡಿಕೆ ಇಲ್ಲ. ಅಧ್ಯಕ್ಷರು ಗೊಣಗಿಕೊಂಡೇ ಹೊರಟರು, ಹೆಂಗಸರು ಮಕ್ಕಳನ್ನು ಎಳೆದುಕೊಂಡು ಹೋದರು. ಅವ್ವ ಹೋಗುವಾಗ ನನ್ನ ಕಡೆ ತಿರುಗಿ ನೋಡಲಿಲ್ಲ. ಗೇಟು ಮುಚ್ಚಿತು. ದೂರದಲ್ಲಿ ಗೇಟಿನಾಚೆ ಇಡೀ ಊರು, ಒಳಗೆ ನಾನು, ಬುಟ್ಟಿ, ಹತ್ತು ಚೆಂಡು, ಬಟ್ಟೆ ಹೊದ್ದ ಕಲ್ಲು. ಇಪ್ಪತ್ತು ಮಾರಿನ ಸುತ್ತ ಒಂದು ನರಪಿಳ್ಳೆ ಇಲ್ಲ. ಅಷ್ಟು ಹೆದರಿಕೆ ನನಗೆ ಎಂದೂ ಆಗಿರಲಿಲ್ಲ. ತಪ್ಪಿದರೆ ಊರು ನಗುತ್ತದೆ, ಅದು ಹೊಸತಲ್ಲ. ಆದರೆ ನಾಳೆಯಿಂದ ನನ್ನ ಕೈಯನ್ನು ನಾನೇ ನಂಬುವ ಹಾಗಿಲ್ಲ. ಆಗ ತೆಪ್ಪಗೆ ತಾಂಬೂಲ ಬದಲಿಸಿಕೊಂಡು ಬದುಕಿನುದ್ದಕ್ಕೂ ಅವನ ಮೇಜಿನ ಹಿಂದೆ ಕೂರಬೇಕು.

ಮೊದಲನೆಯದು ತಪ್ಪಿತು. ಹಲಗೆಗೆ ಧಡ್ ಎಂದು ಬಡಿದು ಮರದ ಬುಡಕ್ಕೆ ಹೋಯಿತು. ಗೇಟಿನಾಚೆ ನಗೆಯ ಅಲೆಯೆದ್ದಿತು. ಸೆರಗಿಗೆ ಕೈ ಒರೆಸಿಕೊಂಡೆ. ಬುಟ್ಟಿ ಅಲ್ಲ ಇದು, ಅಂಗಳದಾಚೆಯ ಡಬ್ಬ ಅಂದುಕೊಂಡೆ. ಝಲ್. ನಗೆ ನಿಂತಿತು. ಝಲ್. ಮೂರನೆಯ ಝಲ್‌ಗೆ ಹೊರಗೆ ಯಾರೋ ಮಗುವನ್ನು ಗದರಿಸಿ ಸುಮ್ಮನಾಗಿಸಿದರು. ನಾನು ಗೋಡೆಯ ಕಡೆಯ ಬುಟ್ಟಿಗೂ ಹೋಗಿ ಎಸೆದೆ, ಭುಜಂಗ ಎಂದೂ ಎಸೆಯದ ಬುಟ್ಟಿಗೆ. ಅಲ್ಲಿಯೂ ಸರಪಣಿ ಅದೇ ಸದ್ದು ಮಾಡಿತು. ಒಂಬತ್ತು ಸಲ ಆದ ಮೇಲೆ ಗೇಟಿನಾಚೆ ಜನರೇ ಇಲ್ಲವೇನೋ ಎನ್ನುವಷ್ಟು ನಿಶ್ಶಬ್ದವಾಗಿತ್ತು. ನನಗೆ ಸಂತೋಷವಾಗಬೇಕಿತ್ತು. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಪೆನ್ಸಿಲು ಹಿಡಿದುಕೊಂಡು ಅಳುತ್ತಾ ಮನೆಗೆ ಹೋದದ್ದು ನೆನಪಾಯಿತು. ಅವಳಿಗೆ ಹೋಗಿ ಹೇಳುವವರು ಯಾರು?

ಗೇಟು ತೆರೆಯಿತು. ಹಯಾತ್ ಸಾಬರು ಮುಂದೆ, ಅವರ ಹಿಂದೆ ಊರು. ಯಾರ ಮುಖದಲ್ಲೂ ರಕ್ತವಿರಲಿಲ್ಲ. ಸಾಬರು ಕೇಳಲೇಬೇಕಾದ್ದನ್ನು ಕೇಳಿದರು. "ಪಕ್ಕ ಯಾರವ್ವ?"

"ಯಾರೂ ಇರಲಿಲ್ಲ" ಅಂದೆ.

ಸಾಬರು ಗೇಟಿನ ಬಳಿಯೇ ನಿಂತಿದ್ದ ಭುಜಂಗನ ಕಡೆ ತಿರುಗಿದರು. "ನೀನೂ ಹೇಳಪ್ಪ. ಹನ್ನೊಂದು ವರ್ಷದ್ದು ಬಾಕಿ ಅದೆ." ಭುಜಂಗ ಕೊರಳಿನ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸುತ್ತ ನೋಡಿದ. ಕಡೆಗೆ, "ಪಕ್ಕದಲ್ಲಿ ಸರ್ವಮಂಗಳ ಇದ್ಲು" ಅಂದ. ಆಮೇಲೆ, "ಇಸ್ಕೂಲಲ್ಲೂ ಅವ್ಳೇ ಇದ್ಲು" ಅಂದ. ಅದನ್ನು ಅವನೇ ಸೇರಿಸಿದ, ಯಾರೂ ಕೇಳಿರಲಿಲ್ಲ. ಅದಕ್ಕಾಗಿ ಅವನ ಮೇಲಿನ ನನ್ನ ಅರ್ಧ ಸಿಟ್ಟು ಇಳಿದದ್ದು ನಿಜ. ಇನ್ನರ್ಧ ಈಗಲೂ ಇದೆ.

ಚೆನ್ನಾಜಮ್ಮ ತಾಂಬೂಲದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದರು. "ಬೇಡಮ್ಮ" ಎಂದೆ. ಅವರು ತಲೆಯಾಡಿಸಿ ತಟ್ಟೆಯ ಮೇಲೆ ಸೆರಗು ಮುಚ್ಚಿಕೊಂಡರು. ವೀರಭದ್ರಯ್ಯನವರು ಕಲ್ಲಿನ ಮುಂದೆ ನಿಂತು, ಬಟ್ಟೆ ಸರಿಸುವುದೋ ಬಿಡುವುದೋ ಎಂದು ಯಾರನ್ನೂ ಕೇಳಲಾರದೆ ಒದ್ದಾಡುತ್ತಿದ್ದರು.

ಅವ್ವ ಗುಂಪು ಸೀಳಿಕೊಂಡು ಬಂದಳು. ಆಟದ ದಿನ ಎಂದು ರೂಢಿಯ ಮೇಲೆ ಹುರಿದ ಉಪ್ಪಿನ ಗಂಟು ತಂದಿದ್ದಳು, ಅದು ಸೊಂಟದಲ್ಲೇ ಇತ್ತು. ಅದನ್ನು ತೆಗೆದು ನನ್ನ ಅಂಗೈಗೆ ಒತ್ತಲು ಬಂದವಳು ತಟ್ಟನೆ ನಿಂತಳು. ಗಂಟನ್ನು ಪಕ್ಕಕ್ಕಿಟ್ಟು ನನ್ನ ಎರಡೂ ಕೈಗಳನ್ನು ತನ್ನ ಕೆನ್ನೆಗೆ ಇಟ್ಟುಕೊಂಡಳು.

"ಅಯ್ಯೋ ನನ್ನವ್ವ, ಬೆಚ್ಚಗವೆ ಕಣೇ" ಅಂದಳು.